ರಾಣಿಯ ಮನೆಯಲ್ಲಿ ಒಂದು ಕಾಫಿ

ಪ್ರೀತಿಯ ಗೆಳೆಯಾ,

ಹೋದ ವಾರ ಇಲ್ಲಿ ಫ್ರಾನ್ಸ್‌ನಲ್ಲಿ ತುಲೂಸ್‌ನಿಂದ ಬಿಯಾರಿಟ್ಸ್‌ಗೆ ಹೋಗಿದ್ದೆ. 2019ರಲ್ಲಿ ಜಿ7 ಸಭೆ ನಡೆದು, ಮೋದಿಯವರೂ ಬಂದಿದ್ದರಲ್ಲ, ಅದೇ ಊರು. ಅಟ್ಲಾಂಟಿಕ್ ದಂಡೆ, ಸ್ಪೇನ್ ಗಡಿಗೆ ಹತ್ತಿರ. ಮೊದಲು ತಿಮಿಂಗಿಲ ಹಿಡಿಯುವವರ ಹಳ್ಳಿಯಾಗಿತ್ತಂತೆ.

ಊರಿನ ದೆಸೆ ತಿರುಗಿಸಿದ್ದು ಒಂದು ಮನೆ. ಆಗಿನ ಫ್ರಾನ್ಸ್ ಚಕ್ರವರ್ತಿ ಮೂರನೇ ನೆಪೋಲಿಯನ್ನನ ಹೆಂಡತಿ ಯೂಜೆನಿ ಸ್ಪೇನ್‌ನವಳು, ಮದುವೆಗೆ ಮೊದಲೇ ಈ ಕಡಲನ್ನು ಮೆಚ್ಚಿದ್ದವಳು. ಅವಳಿಗಾಗಿ ಅವನು 1854ರಲ್ಲಿ ಅಲೆಗಳ ನೆತ್ತಿಯ ಮೇಲೇ ಬಂಗಲೆ ಕಟ್ಟಿಸಲು ಶುರು ಮಾಡಿದ. ಅದೇ ಈಗಿನ 'ಹೋಟೆಲ್ ದ್ಯು ಪಾಲೆ'. ಮೇಲಿಂದ ನೋಡಿದರೆ ಕಟ್ಟಡಕ್ಕೆ ಅವಳ ಹೆಸರಿನ ಮೊದಲ ಅಕ್ಷರದ ಆಕಾರ, ರೋಮನ್ 'ಇ'. ಹೆಂಡತಿಗೆ ಉಂಗುರ ಕೊಡಿಸೋಕೇ ಒದ್ದಾಡಿದ ನನಗೆ ಇದು ಜಾಸ್ತಿ ಅನಿಸಿತು! ಈಗ ಇರುವುದೆಲ್ಲ ಅವಳ ಕಾಲದ್ದಲ್ಲ ಬಿಡು. 1903ರಲ್ಲಿ ಬೆಂಕಿ ಬಿದ್ದು ಸುಟ್ಟುಹೋಗಿತ್ತು, ಮತ್ತೆ ಕಟ್ಟಿದರು.

ರೂಮಿನ ಬಾಡಿಗೆ ನೋಡಿ ಫೋನ್ ಜೇಬಿಗಿಟ್ಟೆ. ಆದರೂ ಒಳಗೆ ಹೋಗಿ ಒಂದು ಕಾಫಿ ಕುಡಿದೆ ಕಣೋ. ಬೀಚಿನಿಂದ ನೇರ ಬಂದಿದ್ದೆ, ಶೂ ತುಂಬಾ ಮರಳು. ಮೆತ್ತನೆ ಜಮಖಾನೆ ಮೇಲೆ ಕಳ್ಳನ ಥರ ಹೆಜ್ಜೆ ಇಟ್ಟೆ. ಮಾಣಿ ನನ್ನ ಕಾಲಿನ ಕಡೆ ಕಣ್ಣೇ ಹಾಯಿಸಲಿಲ್ಲ. ಕುರ್ಚಿ ಸರಿಸಿ, ಬೆಳ್ಳಿ ಬಣ್ಣದ ಪುಟ್ಟ ಜಗ್ಗಿನಲ್ಲಿ ಹಾಲು ಇಟ್ಟು, ಸದ್ದಿಲ್ಲದೆ ಹೋದ. ಶ್ರೀಮಂತಿಕೆಗಿಂತ ಆ ನಾಜೂಕು ನನಗೆ ಹಿಡಿಸಿತು. ಕಾಫಿ ಮಾತ್ರ ಸುಮಾರು, ನಿಮ್ಮಮ್ಮನ ಫಿಲ್ಟರ್ ಕಾಫಿ ಮುಂದೆ ಏನೂ ಅಲ್ಲ.

ಕುಡಿಯುತ್ತಾ ನೆನಪಾದದ್ದು 1908ರ ಕಥೆ. ಬ್ರಿಟನ್ನಿನ ದೊರೆ ಏಳನೇ ಎಡ್ವರ್ಡ್ ಇಲ್ಲಿ ರಜೆಯಲ್ಲಿದ್ದಾಗ ಅಲ್ಲಿ ಬ್ರಿಟನ್ನಿನಲ್ಲಿ ಪ್ರಧಾನಿ ರಾಜೀನಾಮೆ ಕೊಟ್ಟ. ದೊರೆ ಲಂಡನ್ನಿಗೆ ವಾಪಸ್ ಹೋಗಲೇ ಇಲ್ಲ. ಹೊಸ ಪ್ರಧಾನಿ ಆಸ್ಕ್ವಿತ್ ಇಲ್ಲಿಗೇ ಬಂದು, ದೊರೆಯ ಕೈಗೆ ಮುತ್ತಿಟ್ಟು ಅಧಿಕಾರ ತಗೊಂಡ. ಆಗ ನಮಗೂ ಆ ಎಡ್ವರ್ಡೇ ಚಕ್ರವರ್ತಿ, ಅಲ್ವಾ? ನಮ್ಮ ತಾತಂದಿರನ್ನು ಆಳುವವರು ಯಾರು ಅನ್ನೋದು ಈ ರಜೆಯ ಮನೆಯಲ್ಲಿ ತೀರ್ಮಾನ ಆಯ್ತು ನೋಡು.

ಕಿಟಕಿ ಗಾಜಿಗೆ ಉಪ್ಪಿನ ಹನಿ ಅಂಟಿತ್ತು. ಕೆಳಗೆ ಕಪ್ಪು ರಬ್ಬರ್ ಬಟ್ಟೆಯ ಹುಡುಗರು ಹಲಗೆ ಹಿಡಿದು ಅಲೆಗೆ ಕಾಯುತ್ತಿದ್ದರು. ಅಲೆಯ ಸದ್ದು ನಿಮ್ಮ ಮರವಂತೆಯ ಮಳೆಗಾಲದ್ದೇ.

ನೀನು ಬಂದಾಗ ಮತ್ತೆ ಹೋಗೋಣ. ಕಾಫಿ ನನ್ನ ಲೆಕ್ಕ. ರೂಮಿನ ಮಾತು ಮಾತ್ರ ಎತ್ತಬೇಡ.

ನಿನ್ನ ಗೆಳೆಯ