ಬೇಬಿ ಪಿಂಕ್ ಎಲ್ಲಾ ಕೆನ್ನೆಗೂ ಅಲ್ಲ

ಸಂಪಾದಕರಿಗೆ ನಮಸ್ಕಾರ,

ಪುರವಣೀಲಿ ಮೇಕಪ್ ಬಗ್ಗೆ ಏನೇ ಬಂದ್ರೂ ಓದ್ತೀನಿ, ಕತ್ತರಿಸಿ ಇಟ್ಕೊಳ್ಳೋದೂ ಉಂಟು. ಆದ್ರೆ ಬ್ಲಶ್, ಅಂದ್ರೆ ಕೆನ್ನೆಗೆ ಹಚ್ಚೋ ರಂಗಿನ ವಿಷಯ ಬಂತು ಅಂದ್ರೆ ಪ್ರತಿ ಸಲ ಅದೇ ಎರಡು ಸಾಲು, ಬೇಬಿ ಪಿಂಕ್ ತಗೊಳ್ಳಿ, ನಗ್ತಾ ಕೆನ್ನೆ ಉಬ್ಬಿದ ಜಾಗಕ್ಕೆ ಹಚ್ಚಿ, ಮುಗೀತು. ನಂದು ಸಾದಗಪ್ಪು ಬಣ್ಣ ಸಾರ್, ನಂಬ್ಕೊಂಡು ಹಚ್ಚಿದೆ, ನಮ್ಮಕ್ಕ ನೋಡಿ "ಏನೇ, ಸುಣ್ಣದ ಗೋಡೆಗೆ ಕೆನ್ನೆ ಒರೆಸ್ಕೊಂಡ್ಯಾ?" ಅಂದ್ಲು.

ಬ್ರಷ್ಷಿಂದಲ್ಲ ತಪ್ಪು. ತಿಳಿ ಗುಲಾಬಿ ಬರ್ಲಿ ಅಂತ ಪೌಡರ್‌ಗೆ ಟೈಟಾನಿಯಂ ಡೈಆಕ್ಸೈಡ್ ಥರದ ಬಿಳಿ ಬಣ್ಣ ಸೇರಿಸಿರ್ತಾರೆ, ಅದು ಕಪ್ಪು ಚರ್ಮದ ಮೇಲೆ ಬೂದಿ ಬಳಿದಂಗೆ ಎದ್ದು ಕಾಣುತ್ತೆ. ನಮ್ಮಂಥೋರಿಗೆ ಇಟ್ಟಿಗೆ ಕೆಂಪು, ಬೆರ್ರಿ, ವೈನ್, ಗಾಢ ಹವಳದ ಬಣ್ಣ ಇಂಥವೇ ಸರಿ, ಡಬ್ಬಿ ತೆಗೆದಾಗ ಅಯ್ಯೋ ಇಷ್ಟು ಕೆಂಪಾ ಅಂತ ಭಯ ಆಗುತ್ತೆ ಆದ್ರೆ ತೆಳ್ಳಗೆ ಹಚ್ಚಿದ್ರೆ ಒಳಗಿಂದಾನೇ ರಂಗು ಬಂದಂಗಿರುತ್ತೆ. ಶೇಡ್ ಗೊತ್ತಾಗ್ಲಿಲ್ವಾ, ಏನೂ ಹಚ್ಚದೆ ನಾಕು ಮಹಡಿ ಮೆಟ್ಟಿಲು ಹತ್ತಿ ಕನ್ನಡಿ ನೋಡ್ಕೊಳ್ಳಿ, ಆಗ ಕೆನ್ನೆಗೆ ಯಾವ ಬಣ್ಣ ಬಂದಿರುತ್ತೋ ಅದಕ್ಕೆ ಹತ್ರದ್ದು ತಗೊಂಡ್ರಾಯ್ತು.

ಇನ್ನು ಆ ನಗೋ ಕಥೆ. ನಕ್ಕಾಗ ಕೆನ್ನೆ ಮೇಲೇರುತ್ತೆ ನಿಜ, ನಗು ನಿಲ್ಸಿದ್ ತಕ್ಷಣ ಕೆಳಗಿಳಿಯುತ್ತಲ್ಲ, ಬಣ್ಣಾನೂ ಜೊತೇಲೇ ಇಳಿದು ಮುಖಾನೇ ಜೋತುಬಿದ್ದಂಗೆ ಕಾಣುತ್ತೆ, ನಲವತ್ತು ದಾಟಿದೋರಿಗಂತೂ ಇನ್ನೂ ಜಾಸ್ತಿ. ಮೂಗಿಂದ ಎರಡು ಬೆರಳು ಜಾಗ ಬಿಟ್ಟು, ಮೂಗಿನ ತುದಿಗಿಂತ ಕೆಳಗೆ ಇಳೀದೆ, ಕೆನ್ನೆ ಮೂಳೆ ಮೇಲಿಂದ ಕಿವಿ ಕಡೆಗೆ ಎಳೀರಿ.

ಕ್ರೀಮ್ ಮೊದ್ಲಾ ಪೌಡರ್ ಮೊದ್ಲಾ ಅನ್ನೋದನ್ನ ಯಾರೂ ಬರೆಯಲ್ಲ ನೋಡಿ. ನಾನು ಕಾಂಪ್ಯಾಕ್ಟ್ ಪೌಡರ್ ಎಲ್ಲಾ ಹಾಕಿ ಮುಗ್ಸಿ ಅದರ ಮೇಲೆ ಕ್ರೀಮ್ ಬ್ಲಶ್ ಬೆರಳಲ್ಲಿ ಉಜ್ಜಿದೆ, ಒಂದ್ ಕಡೆ ಗಟ್ಟಿ ಇನ್ನೊಂದ್ ಕಡೆ ಕಿತ್ತುಬಂದು ಗೋಡೆ ಪೇಂಟ್ ಸುಲಿದಂಗಾಯ್ತು. ಕ್ರೀಮ್ ಆದ್ರೆ ಪೌಡರ್‌ಗಿಂತ ಮುಂಚೆ ತಟ್ಟಬೇಕು, ಉಜ್ಜಬಾರ್ದು. ಪೌಡರ್ ಬ್ಲಶ್ ಆದ್ರೆ ಕೊನೇಲಿ, ಅದೂ ಬ್ರಷ್ ಒಂದ್ಸಲ ಕೊಡವಿ. ಜಾಸ್ತಿ ಆದ್ರೆ ಒದ್ದೆ ಟಿಶ್ಯೂ ಹಾಕಿ ಒರೆಸ್ಬೇಡಿ, ಫೌಂಡೇಶನ್ (ಮೊದ್ಲು ಮುಖಕ್ಕೆಲ್ಲಾ ಹಚ್ಚೋ ಮೈಬಣ್ಣದ ಕ್ರೀಮ್) ಹಚ್ಚಿದ ಸ್ಪಂಜನ್ನೇ ಮೇಲಿಂದ ಒತ್ತಿದ್ರೆ ತಗ್ಗುತ್ತೆ.

ಇನ್ನೊಂದು, ಶುದ್ಧ ಸಸ್ಯಾಹಾರಿಗಳು ಲೇಬಲ್ಲಲ್ಲಿ ಕಾರ್ಮೈನ್ ಅಥವಾ ಸಿಐ 75470 ಅಂತಿದ್ಯಾ ನೋಡ್ಕೊಳ್ಳಿ, ಅದು ಕಳ್ಳಿ ಗಿಡದ ಮೇಲೆ ಬೆಳೆಯೋ ಪುಟ್ಟ ಹುಳದಿಂದ ತೆಗೆಯೋ ಕೆಂಪು. ನಂಗೂ ಗೊತ್ತಾಗಿದ್ದು ಎರಡು ಡಬ್ಬಿ ಖಾಲಿ ಆದ್ಮೇಲೆ!

ಮುಂದಿನ ಸಲ ಈ ವಿಷಯ ಬರೆಸಿದ್ರೆ ದಯವಿಟ್ಟು ಒಂದು ಕಪ್ಪು ಕೆನ್ನೆ ಫೋಟೋನೂ ಹಾಕ್ಸಿ, ಕಿಟಕಿ ಬೆಳಕಲ್ಲಿ ತೆಗೆದಿದ್ದು, ಫಿಲ್ಟರ್ ಇಲ್ದೆ.

– ನಿಮ್ಮ ಹಳೇ ಓದುಗಿ