ಕಲ್ಲು ಸಿಕ್ಕರೆ ಯಾರಿಗೆ ಫೋನ್ ಮಾಡಬೇಕು?

ಮಾನ್ಯ ಸಂಪಾದಕರೇ,

ಬೆಂಗಳೂರಿನ ರಸ್ತೆ, ಚರಂಡಿ ಕೆಲಸಗಳಲ್ಲಿ ಮೇಸ್ತ್ರಿಯಾಗಿ ದುಡಿದು ಈಗ ಮನೆಯಲ್ಲಿದ್ದೇನೆ. ಪಾಯ ತೆಗೆಯುವಾಗ ಅಕ್ಷರವೋ ಕೆತ್ತನೆಯೋ ಇರುವ ಹಳೇ ಕಲ್ಲು ಸಿಕ್ಕಿತು ಅಂದರೆ ಪೇಪರಿನಲ್ಲಿ ಫೋಟೊ ಬರುತ್ತದೆ, ತಿಳಿದವರ ಮಾತು ಬರುತ್ತದೆ. ಅದನ್ನು ಮೊದಲು ನೋಡಿದ ಜೆಸಿಬಿ ಡ್ರೈವರ್ ಏನು ಮಾಡಬೇಕಿತ್ತು ಅನ್ನೋದನ್ನು ಯಾರೂ ಬರೆಯುವುದಿಲ್ಲ.

ಹೆಬ್ಬಾಳದ ಕಿತ್ತಯ್ಯನ ಕಲ್ಲನ್ನೇ ನೋಡಿ. 2018ರಲ್ಲಿ ಚರಂಡಿ ಅಗೆಯುವಾಗ ಮೇಲೆ ಬಂತು. ಗಂಗರ ರಾಜ ಶ್ರೀಪುರುಷನ ಕಾಲದ್ದು, ಸುಮಾರು ಕ್ರಿ.ಶ. 750. ಬೆಂಗಳೂರಿನ ಹೆಸರಿರುವ ಬೇಗೂರಿನ ಶಾಸನಕ್ಕಿಂತ ನೂರು ವರ್ಷಕ್ಕೂ ಜಾಸ್ತಿ ಹಳೆಯದು. ಅಕ್ಷರದ ಜೊತೆಗೆ ಕಾದಾಡಿ ಸತ್ತ ಕಿತ್ತಯ್ಯನ ಕೆತ್ತನೆಯೂ ಅದರಲ್ಲಿದೆ. ಶಾಸನದ ಹುಚ್ಚಿರುವವರಿಗೆ ಸುದ್ದಿ ಮುಟ್ಟಿತು, ಕಲ್ಲು ಉಳಿಯಿತು, ಆಮೇಲೆ ಅದಕ್ಕೊಂದು ಮಂಟಪವೂ ಆಯಿತು. ಮುಟ್ಟದಿದ್ದರೆ? ಅಂಥ ಚಪ್ಪಡಿಯನ್ನು ಮೋರಿ ಮೇಲೆ ಹಾಸುವವರೇ ಜಾಸ್ತಿ.

2012ರಲ್ಲಿ ಕೆ.ಆರ್. ಮಾರ್ಕೆಟ್ ಹತ್ತಿರ ಮೆಟ್ರೊಗೆ ಅಗೆಯುವಾಗ ಹಳೇ ಫಿರಂಗಿಗಳು ಸಿಕ್ಕವು. ಫಿರಂಗಿ ಯಾರಿಗಾದರೂ ಗೊತ್ತಾಗುತ್ತದೆ. ಶಾಸನ ಹಾಗಲ್ಲ. ಮಣ್ಣು ಮೆತ್ತಿದಾಗ ಅದೂ ಒಂದು ಕಲ್ಲು, ಅಷ್ಟೇ. ತೊಳೆದು, ಓರೆಯಾಗಿ ಬಿಸಿಲು ಬಿದ್ದರೆ ಗೆರೆ ಎದ್ದು ಕಾಣುತ್ತದೆ. ನಾವು ಅಗೆಯುವುದೋ ಹೆಚ್ಚಾಗಿ ರಾತ್ರಿ ಹೊತ್ತು.

ಜೆಸಿಬಿಗೆ ಗಂಟೆ ಲೆಕ್ಕದ ಬಾಡಿಗೆ. ಕೆಲಸ ತಡವಾದರೆ ಗುತ್ತಿಗೆದಾರನಿಗೆ ದಂಡ. ಒಂದು ಸೈಟಿನಲ್ಲಿ ಕುದುರೆ ಮೇಲೆ ಕೂತ ಆಳಿನ ಕೆತ್ತನೆ ಇದ್ದ ಕಲ್ಲು ಬಂತು. ಸ್ವಲ್ಪ ನಿಲ್ಲಿಸೋಣ ಸಾರ್ ಅಂತ ಗುತ್ತಿಗೆದಾರರಿಗೆ ಅಂದೆ. 'ಗಾಡಿ ಬಾಡಿಗೆ ನಿನ್ನ ಸಂಬಳದಲ್ಲಿ ಹಿಡೀಲಾ?' ಅಂದರು. ಕಲ್ಲು ಟಿಪ್ಪರ್ ಹತ್ತಿತು. ಅವರನ್ನು ಬೈದು ಏನು ಪ್ರಯೋಜನ? ನಿಂತ ಗಾಡಿಗೆ ದುಡ್ಡು ಕೊಡುವವರು ಯಾರೂ ಇರಲಿಲ್ಲ.

ಕಾನೂನು ಇಲ್ಲ ಅಂತಲ್ಲ. ಕೇಂದ್ರದ ರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ಏನೂ ಕಟ್ಟುವಂತಿಲ್ಲ, ಅದರಾಚೆಯ 200 ಮೀಟರ್‌ಗೆ ಅನುಮತಿ ಬೇಕು. ಆದರೆ ಹೆಬ್ಬಾಳದ ಗಲ್ಲಿಯಲ್ಲಿ ಕಲ್ಲಿದೆ ಅಂತ ಯಾರಿಗೆ ಗೊತ್ತಿತ್ತು? ನೆಲದಲ್ಲಿ ನಿಧಿ ಸಿಕ್ಕರೆ ಜಿಲ್ಲಾಧಿಕಾರಿಗೆ ತಿಳಿಸಬೇಕು ಅನ್ನೋ ಕಾನೂನು 1878ರಿಂದಲೇ ಇದೆ. ಕೂಲಿ ಹುಡುಗರಿಗೆ ಅದರ ಹೆಸರು ಎತ್ತಿದರೇ ಹೆದರಿಕೆ, ಎಲ್ಲಿ ಕೇಸಾಗುತ್ತದೋ ಅಂತ.

ಹಳೇ ಊರುಗಳಲ್ಲಿ ಅಗೆಯುವ ಪ್ರತಿ ಟೆಂಡರಿನಲ್ಲೂ ಒಂದು ಷರತ್ತು ಸೇರಿಸಲಿ. ಅಕ್ಷರ ಅಥವಾ ಕೆತ್ತನೆ ಇರುವ ಕಲ್ಲು ಸಿಕ್ಕಿ ಕೆಲಸ ನಿಂತರೆ ಆ ದಿನಗಳನ್ನು ತಡವಾಯಿತು ಅಂತ ಲೆಕ್ಕ ಹಿಡಿಯಬಾರದು, ನಿಂತ ಗಾಡಿಯ ಬಾಡಿಗೆ ಬಿಲ್ಲಿಗೆ ಬರಬೇಕು. ತಿಳಿಸಿದವರನ್ನು ಸ್ಟೇಷನ್ನಿಗೆ ಅಲೆಸಬಾರದು. ಗುತ್ತಿಗೆದಾರನ ಹೆಸರು, ಮೊತ್ತ ಬರೆದ ಬೋರ್ಡು ಸೈಟಿನಲ್ಲಿ ಹೇಗೂ ಇರುತ್ತದೆ. ಅದರಲ್ಲೇ ಪುರಾತತ್ವ ಇಲಾಖೆಯ ಒಂದು ನಂಬರ್ ಬರೆಸಲಿ. ರಾತ್ರಿ ಎರಡು ಗಂಟೆಗೆ ಮಾಡಿದರೂ ಯಾರಾದರೂ ಎತ್ತುವಂಥ ನಂಬರ್ ಆಗಿರಲಿ.

— ಒಬ್ಬ ನಿವೃತ್ತ ಮೇಸ್ತ್ರಿ, ಬೆಂಗಳೂರು