ಫಾದರ್ ತಪ್ಪಿದರೆ ಪೂಜೆ ಬಿಡಬೇಕಾ?

ಮಾನ್ಯ ಸಂಪಾದಕರೇ,

ಕೆಲವು ವರ್ಷದ ಹಿಂದೆ ನಮ್ಮ ಚರ್ಚಿನಲ್ಲಿ ಕಟ್ಟಡದ ಹಣದ ಲೆಕ್ಕ ಕೇಳಿದವರನ್ನು ಫಾದರ್ ಎಲ್ಲರೆದುರು ಗದರಿದರು. ಅವತ್ತಿನಿಂದ ನನ್ನ ಮಗ ಪೂಜೆಗೆ ಬರುತ್ತಿಲ್ಲ. ಆಫೀಸಿನಲ್ಲಿ ದೇವರ ಮಾತೆತ್ತಿದರೆ ನಗುತ್ತಾರಂತೆ, ಭಾನುವಾರ ಅಂದರೆ ನಿದ್ದೆ, ಆಮೇಲೆ ಮಾಲ್. 'ಇಷ್ಟೆಲ್ಲ ನೋಡಿಯೂ ಹೇಗಪ್ಪಾ ಹೋಗ್ತೀರಿ?' ಅಂತಾನೆ.

ಅವನ ಪ್ರಶ್ನೆ ಸುಮ್ನೆ ತಳ್ಳಿಹಾಕುವಂಥದ್ದಲ್ಲ. ಹಣದ ಮಾತು ಬಿಡಿ, 2002ರಲ್ಲಿ ಅಮೆರಿಕದ ಬಾಸ್ಟನ್‌ನಲ್ಲಿ ಪಾದ್ರಿಗಳು ಮಕ್ಕಳ ಮೇಲೆ ನಡೆಸಿದ ದೌರ್ಜನ್ಯವೂ, ಮೇಲಿನವರು ಅದನ್ನು ಮುಚ್ಚಿಟ್ಟಿದ್ದೂ ಬಯಲಾಗಿ, ಅಲ್ಲಿನ ಹಿರಿಯ ಧರ್ಮಗುರು, ಅಂದರೆ ಕಾರ್ಡಿನಲ್, ಅದೇ ವರ್ಷ ರಾಜೀನಾಮೆ ಕೊಟ್ಟರು. ಇಂಥದ್ದು ಗೊತ್ತಾದರೆ ಪಾದ್ರಿಗಳು ಕಡ್ಡಾಯವಾಗಿ ಮೇಲಿನವರಿಗೆ ತಿಳಿಸಬೇಕು ಅಂತ ಪೋಪ್ ಫ್ರಾನ್ಸಿಸ್ ಇಡೀ ಕ್ಯಾಥೋಲಿಕ್ ಧರ್ಮಸಭೆಗೆ ನಿಯಮ ತಂದಿದ್ದು 2019ರಲ್ಲಿ. ತಡ ಜಾಸ್ತಿಯೇ ಆಯಿತು, ಅಲ್ವಾ?

ಆದರೂ ನಾನು ಹೋಗುತ್ತೇನೆ. ಕೋಳಿ ಕೂಗುವ ಮೊದಲೇ ಮೂರು ಸಲ 'ಅವನು ಯಾರೋ ಗೊತ್ತಿಲ್ಲ' ಅಂತ ಯೇಸುವನ್ನೇ ಅಲ್ಲಗಳೆದ ಶಿಷ್ಯ ಪೇತ್ರನ ಕೈಗೇ ತಾನೇ ಯೇಸು ತನ್ನ ಕುರಿಗಳನ್ನು, ಅಂದರೆ ನಂಬಿದವರನ್ನು, ಒಪ್ಪಿಸಿದ್ದು! ಫಾದರ್ ಒಳ್ಳೆಯವರು ಅಂತ ನಾನು ಚರ್ಚಿಗೆ ಸೇರಿದವನಲ್ಲ, ಕೆಟ್ಟವರು ಅಂತ ಬಿಡುವುದೂ ಇಲ್ಲ. ನನ್ನ ಪಾಪನಿವೇದನೆಯ ಪಟ್ಟಿಯೇನು ಚಿಕ್ಕದಾ?

ಕಳೆದ ಸೆಪ್ಟೆಂಬರ್ 8ಕ್ಕೆ ಶಿವಾಜಿನಗರದ ಚರ್ಚಿನ ಮೇರಿ ಮಾತೆಯ ಹಬ್ಬಕ್ಕೆ ಮಗನೇ ಬೈಕಿನಲ್ಲಿ ಕರೆದುಕೊಂಡು ಹೋದ. ಕಾವಿ ಸೀರೆ ಉಟ್ಟ ಹೆಂಗಸರ ನೂಕುನುಗ್ಗಲು. ಒಳಗೆ ಬರಲಿಲ್ಲ, ಆದರೆ ಮೇಣದಬತ್ತಿಗೆ ದುಡ್ಡು ಕೊಟ್ಟವನು ಅವನೇ.

ಅಂದಹಾಗೆ ಕಟ್ಟಡದ ಲೆಕ್ಕ ಇನ್ನೂ ನೋಟಿಸ್ ಬೋರ್ಡಿಗೆ ಬಂದಿಲ್ಲ. ಈ ಭಾನುವಾರ ಪೂಜೆ ಮುಗಿದ ಮೇಲೆ ಮತ್ತೆ ಕೇಳುತ್ತೇನೆ.

– ಒಬ್ಬ ಓದುಗ, ಬೆಂಗಳೂರು